ಕೆರೆಯ ತಳಕ್ಕೆ ಯಾವ ಸ್ನಾರ್ಕೆಲ್

ಹೋದ ತಿಂಗಳು ಮಂಗಳೂರಿನಲ್ಲಿ ಮಗಳ ಜೊತೆ ಕ್ರೀಡಾ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅವಳು ಅಲ್ಲಿ ಶಾಲೆಯೊಂದರಲ್ಲಿ ಟೀಚರು. ರಜೆಯಲ್ಲಿ ಗೆಳತಿಯರೊಂದಿಗೆ ಸಮುದ್ರಕ್ಕೆ ಹೋಗಿ ನೀರೊಳಗಿನ ಮೀನು ನೋಡಿಕೊಂಡು ಬರುವ ಹುಮ್ಮಸ್ಸು ಅವಳಿಗೆ. ಅಂಗಡಿಯವನು ಗಾಜಿನ ಕಪಾಟಿನಿಂದ, ಮುಖ ನೀರಲ್ಲಿಟ್ಟು ಉಸಿರಾಡುವ ಕೊಳವೆಗಳಾದ ಸ್ನಾರ್ಕೆಲ್‌ಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಡುತ್ತ, "ಯಾವ ಆಕ್ಟಿವಿಟಿಗೆ ಮೇಡಂ? ಈಜೋಕಾ, ಮೇಲಿಂದ ನೋಡೋಕಾ, ಮುಳುಗೋಕಾ? ಒಂದೊಂದಕ್ಕೂ ಬೇರೆ ಬೇರೆ ಬರ್ತದೆ" ಎಂದ. ಬಾಯಲ್ಲಿ ಕಚ್ಚಿಕೊಳ್ಳುವ ಆ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈಯೆಲ್ಲ ಉರಿಯತೊಡಗಿತು. ಪಾಪ, ಅವನದೇನೂ ತಪ್ಪಿರಲಿಲ್ಲ.

"ಎಂತಾಯ್ತಮ್ಮ?" ಎಂದಳು ಮಗಳು.

"ಎಂತದೂ ಇಲ್ಲ. ನಿನ್ನ ದೊಡ್ಡಪ್ಪ ನೆನಪಾದ್ರು."

ಅವಳು ನಕ್ಕಳು. ಅವಳಿಗೆ ನಗು. ಆ ಬೇಸಿಗೆಯಲ್ಲಿ ಅವಳು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದಳು, ನಾನು ತೋಟದಲ್ಲಿದ್ದೆ.

ಕುದುರೆಮುಖದಲ್ಲಿ ಗಣಿ ನಿಂತ ಮರುವರ್ಷದ ಬೇಸಿಗೆ ಅದು. ಅಲ್ಲಿನ ಕಾಲೊನಿಯವರು ಮನೆ ಖಾಲಿ ಮಾಡಿ ಹೊರಡುತ್ತಿದ್ದರು. ಹೊತ್ತುಕೊಂಡು ಹೋಗಲಾಗದ ಸೋಫಾ, ಬೀರು, ಹೂಕುಂಡಗಳೆಲ್ಲ ಕಳಸ, ಮೂಡಿಗೆರೆ ಕಡೆಯ ಮನೆಗಳಿಗೆ ಬಂದು ಸೇರುತ್ತಿದ್ದವು. ನನ್ನ ಗಂಡನ ಅಣ್ಣ ನಾಗೇಶ ಭಾವ ಅಲ್ಲಿನ ಇಂಜಿನಿಯರ್ ಸ್ನೇಹಿತನನ್ನು ಬೀಳ್ಕೊಡಲು ಹೋದವರು, ಬರುವಾಗ ಒಂದು ರಟ್ಟಿನ ಪೆಟ್ಟಿಗೆ ತಂದರು. ಆ ಸ್ನೇಹಿತನಿಗೆ ಸಮುದ್ರದ ಹುಚ್ಚು. ಈಗ ವರ್ಗವಾಗಿ ಹೊರಟ ಊರಿನಲ್ಲಿ ಸಮುದ್ರವೂ ಇಲ್ಲ, ನದಿಯೂ ಇಲ್ಲವೆಂದು ನೀರಿನ ಸಾಮಾನನ್ನೆಲ್ಲ ಭಾವನ ಕೈಗೆ ಹಾಕಿ ಹೋದನಂತೆ. ಹೋಗುವವನು ಸುಮ್ಮನೆ ಹೋಗಬಾರದಿತ್ತೇ ಎಂದು ಇವತ್ತಿಗೂ ಅನ್ನಿಸುತ್ತದೆ.

ಭಾವನ ವಿಷಯ ಸ್ವಲ್ಪ ಹೇಳಬೇಕು. ಮಾವ ತೀರಿಕೊಂಡಾಗ ನನ್ನ ಗಂಡ ರಮೇಶ ಇನ್ನೂ ಚಡ್ಡಿ ಹಾಕುವ ಹುಡುಗ. ಅಪ್ಪನ ಜಾಗದಲ್ಲಿ ನಿಂತು ಅವರನ್ನು ಓದಿಸಿ, ಮದುವೆ ಮಾಡಿ, ಗೋಣಿಬೀಡಿನ ಹತ್ತಿರದ ತೋಟವನ್ನು ಉಳಿಸಿದವರು ಭಾವ. ಆಮೇಲೆ ಅವರು ಮೂಡಿಗೆರೆ ಪೇಟೆಯಲ್ಲಿ ಮನೆ ಕಟ್ಟಿಸಿಕೊಂಡರೂ ದಿನಾ ಬೆಳಿಗ್ಗೆ ಜೀಪಿನಲ್ಲಿ ಬಂದು ಯಜಮಾನಿಕೆ ನಡೆಸಿ ಹೋಗುತ್ತಿದ್ದರು. ಕೆಟ್ಟವರಲ್ಲ, ಆದರೆ ಅವರಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ನನ್ನ ಗಂಡನೋ, ಅಣ್ಣ ಏನು ಹೇಳಿದರೂ "ಆಯ್ತು ಅಣ್ಣಯ್ಯ". ಸರಿಯಾಗಿ ಫಲ ಬಿಡುತ್ತಿದ್ದ ಕಿತ್ತಳೆ ಗಿಡ ಕಡಿ ಅಂದಾಗಲೂ "ಆಯ್ತು ಅಣ್ಣಯ್ಯ", ಆ ಜಾಗಕ್ಕೆ ಮತ್ತೆ ಕಿತ್ತಳೆ ನೆಡು ಅಂದಾಗಲೂ "ಆಯ್ತು ಅಣ್ಣಯ್ಯ". ಈ ಎರಡು ಶಬ್ದಗಳನ್ನು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಆ ವರ್ಷ ಹೂವಿನ ಮಳೆ ಬರಲಿಲ್ಲ. ರೊಬಸ್ಟಾ ಕಾಫಿ ಗಿಡಗಳು ಮೊಗ್ಗು ಕಟ್ಟಿ ಆಕಾಶ ನೋಡುತ್ತ ನಿಂತಿದ್ದವು. ಆ ಹೊತ್ತಿಗೆ ಸರಿಯಾಗಿ ಒಂದು ಮಳೆ ಬಿದ್ದರೆ ಹೂವು ಅರಳುತ್ತದೆ, ಆಮೇಲೆ ಮೂರು ವಾರದೊಳಗೆ ಇನ್ನೊಂದು ಮಳೆ ಬಿದ್ದರೆ ಕಾಯಿ ಕಚ್ಚುತ್ತದೆ. ಆ ಎರಡನೆಯದಕ್ಕೆ ನಮ್ಮ ಕಡೆ ಬ್ಯಾಕಿಂಗ್ ಎನ್ನುತ್ತಾರೆ. ಆಕಾಶ ಕೊಡದಿದ್ದರೆ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರಿನಲ್ಲಿ ನಾವೇ ಕೊಡಬೇಕು. ಸ್ಪ್ರಿಂಕ್ಲರ್ ಪೈಪಿನ ಸೆಟ್ಟು ನಮ್ಮ ಕಡೆಯ ಸಣ್ಣ ತೋಟಗಳಿಗೆಲ್ಲ ಸೇರಿ ಒಂದೇ ಇತ್ತು. ಸರದಿಯ ಮೇಲೆ ತೋಟದಿಂದ ತೋಟಕ್ಕೆ ಹೋಗುತ್ತಿತ್ತು. ಸರದಿ ಮುಗಿದರೆ ಮುಗಿಯಿತು, ಅಣ್ಣತಮ್ಮಂದಿರಾದರೂ ಬಿಡುವುದಿಲ್ಲ. ಮೊಗ್ಗು ಯಾರಿಗೂ ಕಾಯುವುದಿಲ್ಲವಲ್ಲ.

ನಮ್ಮ ಸರದಿ ಬಂತು. ಪಂಪು ಓಡಿತು. ತೋಟದ ಅರ್ಧಕ್ಕೆ ನೀರು ಬಿದ್ದಿತ್ತೋ ಇಲ್ಲವೋ, ಪಂಪು ಕೆಮ್ಮಲು ಶುರುಮಾಡಿ ನಿಂತೇಹೋಯಿತು. ಹಿಂದಿನ ಮಳೆಗಾಲದಲ್ಲಿ ಏರಿಯ ಮಣ್ಣು ಜಾರಿ ಒಂದು ಸಿಲ್ವರ್ ಓಕ್ ಮರ ಕೆರೆಯೊಳಗೆ ಬಿದ್ದಿತ್ತು. "ಬೇಸಿಗೇಲಿ ತೆಗ್ಸಿದ್ರಾಯ್ತು" ಎಂದಿದ್ದರು ಭಾವ. ಬೇಸಿಗೆ ಬಂದಿತ್ತು, ಮರ ಅಲ್ಲೇ ಇತ್ತು. ಈಗ ಅದರ ಕೊಂಬೆಯೊಂದು ಕುಸಿದು, ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವನ್ನು ಕೆಸರಿಗೆ ಒತ್ತಿ ಹಿಡಿದುಬಿಟ್ಟಿತ್ತು. ಮೇಲಿನಿಂದ ಎಳೆದರೆ ಪೈಪು ತುಂಡಾಗುತ್ತದೆ. ಎರಡಾಳು ಆಳದ ನೀರಿನಲ್ಲಿ ಇಳಿದು ಕೊಂಬೆ ಕೊಯ್ಯಬೇಕು. ನೀರು ಬಿದ್ದ ಅರ್ಧ ತೋಟ ಅರಳುತ್ತದೆ, ಉಳಿದ ಅರ್ಧ ಒಣಗುತ್ತದೆ. ಪೈಪಿನ ಸೆಟ್ಟು ಪಕ್ಕದ ತೋಟಕ್ಕೆ ಹೋಗಲು ಉಳಿದಿದ್ದದ್ದು ಎರಡೇ ದಿನ.

ಆಗ ಭಾವನಿಗೆ ರಟ್ಟಿನ ಪೆಟ್ಟಿಗೆ ನೆನಪಾಯಿತು.

ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿದರು. ಮೂಗನ್ನೂ ಮುಚ್ಚುವಂಥ ಎರಡು ನೀರಿನ ಕನ್ನಡಕ, ನಾಲ್ಕು ಸ್ನಾರ್ಕೆಲ್. ಒಂದು ಸುಮ್ಮನೆ ಬಾಗಿದ ಕೊಳವೆ, ಕೊಡೆಯ ಹಿಡಿಯಂಥದ್ದು. ಇನ್ನೊಂದಕ್ಕೆ ಕೆಳಗೆ ಮಡಿಕೆ ಮಡಿಕೆಯ ರಬ್ಬರು, ಬಾಯಿಯ ಹತ್ತಿರ ನೀರು ಊದಿ ಹೊರಹಾಕುವ ಸಣ್ಣ ವಾಲ್ವು. ಮತ್ತೊಂದಕ್ಕೆ ತುದಿಯಲ್ಲಿ ಟೋಪಿ, ಅದರೊಳಗೆ ಲಟಲಟ ಅನ್ನುವ ಬೆಂಡು. ಕೊನೆಯದು ಹಣೆಯ ನಡುವಿನಿಂದ ನೆಟ್ಟಗೆ ಮೇಲಕ್ಕೆ ಹೋಗುವಂಥದ್ದು. ಯಾವುದು ಯಾತಕ್ಕೆಂದು ಸ್ನೇಹಿತ ಹೇಳಿಕೊಟ್ಟಿದ್ದನಂತೆ. ಭಾವ ಅದನ್ನು ಜೀಪಿನಲ್ಲಿ ಬರುವಾಗಲೇ ಮರೆತು, ತಮ್ಮದೇ ಒಂದು ಶಾಸ್ತ್ರ ಕಟ್ಟಿಕೊಂಡಿದ್ದರು.

"ನೋಡು ರಮೇಶ, ಬೆಲೆ ಜಾಸ್ತಿದು ಯಾವುದು? ಈ ಟೋಪಿದು. ಜಾಸ್ತಿ ಆಳಕ್ಕೆ ಜಾಸ್ತಿ ಬೆಲೇದು."

ಟೋಪಿಯದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಉಸಿರೆಳೆದು ನೋಡಿದರು. ಬರಲಿಲ್ಲ. ಬರುವುದಾದರೂ ಹೇಗೆ? ತುದಿ ನೀರಿನಲ್ಲಿ ಮುಳುಗಿದರೆ ಬೆಂಡು ಮೇಲೆದ್ದು ಕೊಳವೆಯ ಬಾಯಿ ಮುಚ್ಚುತ್ತದೆ, ನೀರು ಒಳಗೆ ಬರಬಾರದೆಂದೇ ಅದನ್ನು ಇಟ್ಟಿರುವುದು. ಭಾವ ಅದನ್ನು ತಿರುವಿ ನೋಡಿ, "ಡಿಫೆಕ್ಟ್ ಪೀಸು ಮಾರಾಯ. ಈ ಬೆಂಡು ಅಡ್ಡ ಬರ್ತಾ ಇದೆ" ಎಂದು ಸ್ಕ್ರೂಡ್ರೈವರ್ ಹುಡುಕತೊಡಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದನ್ನು ಅವರ ಕೈಯಿಂದ ಕಿತ್ತುಕೊಂಡು ಒಳಗಿಟ್ಟೆ.

ಅಷ್ಟಕ್ಕೆ ಬಿಟ್ಟರೇ? ತೋಟದ ಮನೆಯಲ್ಲಿ ಮತ್ತೇನಿಲ್ಲದಿದ್ದರೂ ಪೈಪಿಗೆ ಬರವಿಲ್ಲ. ಗಿಡಗಳಿಗೆ ಮೈಲುತುತ್ತದ ಬೋರ್ಡೋ ಔಷಧಿ ಹೊಡೆಯುವ ಉದ್ದನೆಯ ಹೋಸು ಗೋಡೆಗೆ ನೇತುಹಾಕಿತ್ತು. ಭಾವನ ಕಣ್ಣು ಅದರ ಮೇಲೆ ಬಿತ್ತು. ಬಾಗಿದ ಕೊಳವೆಯ ತುದಿಗೆ ಹೋಸು ಸಿಕ್ಕಿಸಿ, ಸೈಕಲ್ ಟ್ಯೂಬು ಸುತ್ತಿ, ತಂತಿ ಬಿಗಿದರು. "ಪೈಪು ಉದ್ದ ಆದ್ರೆ ಆಳಕ್ಕೂ ಉಸಿರು ಬರ್ತದೆ. ಇಷ್ಟೇ ವಿಷ್ಯ."

"ಭಾವ, ಮೊದ್ಲು ನೀವು ಇಲ್ಲೇ ಕೂತು ಎಳೆದು ನೋಡಿ," ಎಂದೆ.

ಕುರ್ಚಿಯಲ್ಲಿ ಕೂತರು. ಕನ್ನಡಕ ಮೂಗು ಮುಚ್ಚಿತು, ಹೋಸಿನ ಇನ್ನೊಂದು ತುದಿ ಅಂಗಳದಲ್ಲಿ. ನೀರಿಲ್ಲ, ಆಳವಿಲ್ಲ, ಒಣ ಜಗಲಿ. ಮೊದಲು ಹೆಬ್ಬೆರಳು ಎತ್ತಿ ತೋರಿಸಿದರು. ಆಮೇಲೆ ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ. ಕೊನೆಗೆ ಅದನ್ನು ಉಗಿದು ಎದ್ದವರ ತುಟಿಯ ಸುತ್ತ ಮೈಲುತುತ್ತದ ನೀಲಿ. ಕಾಫಿ ಕೊಡಲು ಬಂದಿದ್ದ ಹೆಣ್ಣಾಳು ಸೆರಗು ಬಾಯಿಗಿಟ್ಟುಕೊಂಡು ಓಡಿದಳು. ನಗಬೇಕಾಗಿತ್ತು, ನನಗೆ ನಗು ಬರಲಿಲ್ಲ. ಯಾಕೆಂದರೆ ನನ್ನ ಗಂಡ ಆಗಲೇ ಅಂಗಿ ಬಿಚ್ಚಿ ನಿಂತಿದ್ದರು.

"ಹೋಸು ಸಪೂರ ಆಯ್ತು," ಎಂದರು ಭಾವ. "ಪಿವಿಸಿ ಪೈಪ್ ಹಾಕುವ."

"ಆಯ್ತು ಅಣ್ಣಯ್ಯ."

ಕೆರೆಯ ಏರಿಯ ಮೇಲೆ ತೋಟದ ಮೇಸ್ತ್ರಿ ಮಂಜಪ್ಪ ಪಿವಿಸಿ ಪೈಪಿನ ಮೇಲ್ತುದಿ ಹಿಡಿದುಕೊಂಡ. ನನ್ನ ಗಂಡ ಏರಿಯ ಕಲ್ಲು ಹಿಡಿದು ಕೆಳಗಿಳಿದರು. ಕುತ್ತಿಗೆವರೆಗೆ ಸರಿ. ತಲೆ ಮುಳುಗಿತು, ಇನ್ನೂ ಒಂದು ಮೊಳ ಇಳಿದರು. ಅಷ್ಟರಲ್ಲೇ ಕೈಕಾಲು ಬಡಿಯತೊಡಗಿದರು. ನಾನೂ ಮಂಜಪ್ಪನೂ ಕಂಕುಳಿಗೆ ಕೈ ಹಾಕಿ ಮೇಲೆಳೆದೆವು. ಕೆಮ್ಮಿ, ಕಾರಿ, ಏರಿಯ ಮೇಲೆ ಬಿದ್ದುಕೊಂಡು, "ಎದೆ ಮೇಲೆ ಯಾರೋ ಕೂತ ಹಾಗಾಯ್ತು. ಉಸಿರು ಒಳಗೇ ಬರ್ಲಿಲ್ಲ" ಎಂದರು.

ನೀರಿನ ಭಾರ ಎದೆಯನ್ನು ಒತ್ತುವಾಗ ಮೇಲಿನ ಗಾಳಿಯನ್ನು ಎಳೆಯುವ ಶಕ್ತಿ ಮನುಷ್ಯನ ಎದೆಗಿಲ್ಲ. ಪೈಪು ಉದ್ದವಾದಷ್ಟೂ ಬಿಟ್ಟ ಉಸಿರೇ ಅದರೊಳಗೆ ನಿಂತು ಮತ್ತೆ ಬಾಯಿಗೆ ಬರುತ್ತದೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಆದರೆ ಬಿದ್ದುಕೊಂಡ ಮನುಷ್ಯನ ಮುಖ ನೋಡಿದರೆ ಓದುವ ಅಗತ್ಯವೇನಿರಲಿಲ್ಲ.

"ನಿಂಗೆ ಅಭ್ಯಾಸ ಇಲ್ಲ ಮಾರಾಯ," ಎಂದರು ಭಾವ. "ನಿಧಾನಕ್ಕೆ ಎಳ್ಕೊಬೇಕು. ಒಂದು ಗಳಿಗೆ ಸುಧಾರಿಸ್ಕೊಂಡು ಇನ್ನೊಂದ್ಸಲ ಇಳಿ."

ನನ್ನ ಗಂಡ ಮತ್ತೆ "ಆಯ್ತು" ಅನ್ನುವುದರೊಳಗೆ ನಾನು ಆ ಪೈಪನ್ನು ಮಂಜಪ್ಪನ ಕೈಯಿಂದ ಕಸಿದುಕೊಂಡು ಕಲ್ಲಿಗೆ ಬಡಿದು ಮುರಿದೆ. ಮದುವೆಯಾಗಿ ಬಂದ ಮೇಲೆ ಭಾವನ ಎದುರು ನಾನು ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ. "ನಾಳೆ ಬೆಳಿಗ್ಗೆವರೆಗೆ ಯಾರೂ ನೀರಿಗಿಳಿಯೋದು ಬೇಡ. ನಾನು ನೋಡ್ತೀನಿ."

"ನೀನಾ? ಹೆಂಗಸ್ರು ಕೆರೆಗಿಳಿಯೋದಾ?"

"ಭಾವ, ನಾನು ಕಳಸದವಳು. ಭದ್ರಾ ನದೀಲಿ ಈಜಿ ಬೆಳೆದವಳು. ಮದುವೆ ಮಾತುಕತೇಲಿ ಅಡುಗೆ ಬರ್ತದಾ ಅಂತ ಕೇಳಿದ್ರಿ, ಈಜು ಬರ್ತದಾ ಅಂತ ಯಾರೂ ಕೇಳ್ಲಿಲ್ಲ."

ಸಂಜೆ ಬಾಗಿದ ಕೊಳವೆಯಿಂದ ಮುರಿದ ಪೈಪು ಬಿಡಿಸಿ, ಚೂಡಿದಾರ ಹಾಕಿಕೊಂಡು, ಕೆರೆಯ ಆಳವಿಲ್ಲದ ಅಂಚಿನಲ್ಲಿ ನಾಲ್ಕನ್ನೂ ಒಂದೊಂದಾಗಿ ಬಾಯಿಗಿಟ್ಟು ನೋಡಿದೆ. ಹಣೆಯದು ನೆಟ್ಟಗೆ ಒಂದೇ ಗತಿಯಲ್ಲಿ ಈಜುವವರಿಗೆ ಸೊಗಸು, ಆದರೆ ತಲೆ ಆಚೀಚೆ ತಿರುಗಿಸಿದರೆ ಮರದ ರೆಂಬೆಗೆ ಸಿಕ್ಕಿಕೊಳ್ಳುತ್ತಿತ್ತು. ಮಡಿಕೆಯದರ ವಾಲ್ವಿಗೆ ನಮ್ಮ ಕೆರೆಯ ಕೆಸರಿನ ಹರಳು ಸಿಕ್ಕಿ, ಮುಚ್ಚಿಕೊಳ್ಳದೆ ಬಾಯಿಗೆ ನೀರು ಬಿಡುತ್ತಿತ್ತು. ಸಮುದ್ರದಲ್ಲಿ ಬೆನ್ನಿಗೆ ಗಾಳಿ ಡಬ್ಬಿ ಕಟ್ಟಿಕೊಂಡವರಿಗೆ ಅದು ಬಾಯಿಂದ ಬಿಟ್ಟಾಗ ದೂರ ಜೋತು ಬೀಳುತ್ತದೆ, ಅಡ್ಡ ಬರುವುದಿಲ್ಲ. ನಮಗೆಲ್ಲಿಯ ಡಬ್ಬಿ? ಟೋಪಿಯದನ್ನು ಕಚ್ಚಿಕೊಂಡು ನೀರಿನ ಮೇಲೆ ಕವುಚಿ ಮಲಗಿದೆ. ಸಣ್ಣ ಅಲೆ ಬಂದರೂ ಬೆಂಡು ಟಪ್ಪೆಂದು ಮುಚ್ಚುತ್ತಿತ್ತು, ನೀರು ಒಳಗೆ ಬರಲಿಲ್ಲ. ಎಷ್ಟು ಹೊತ್ತು ಬೇಕಾದರೂ ತಲೆ ಎತ್ತದೆ ಕೆಳಗೆ ನೋಡುತ್ತಿರಬಹುದಿತ್ತು. ಮೇಲಿಂದ ಕಾಯುವುದಕ್ಕೆ ಇದು.

ಇಳಿಯುವುದಕ್ಕೆ ಆ ಕೊಡೆಹಿಡಿಯಂಥ ಸಾದಾ ಕೊಳವೆಯೇ ಸರಿ. ವಾಲ್ವಿಲ್ಲ, ಟೋಪಿಯಿಲ್ಲ, ಕೊಂಬೆಗೆ ಸಿಕ್ಕುವಂಥದ್ದೇನೂ ಇಲ್ಲ. ನೀರಿನ ಮೇಲೆ ಮಲಗಿ ಅದರಲ್ಲಿ ನಾಲ್ಕು ಸಲ ನಿಧಾನವಾಗಿ ಉಸಿರಾಡಿ ಸಮಾಧಾನವಾಗುವುದು, ಆಮೇಲೆ ಬಾಯಿಂದ ತೆಗೆದು, ಉಸಿರು ಕಟ್ಟಿ ಮುಳುಗುವುದು. ಮುಳುಗಿದ ಮೇಲೆ ಯಾವ ಸ್ನಾರ್ಕೆಲಿನಿಂದಲೂ ಪ್ರಯೋಜನವಿಲ್ಲ. ಇಷ್ಟನ್ನು ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಬಿಡಿಸಿ ಹೇಳಿದೆ. ಅವರೂ ಗೋಣಿಬೀಡಿನ ಹಳ್ಳದಲ್ಲಿ ಮುಳುಗು ಹಾಕಿ ಬೆಳೆದವರೇ. ಕೊಂಬೆ ಕೊಯ್ಯುವ ತೋಳಬಲ ನನಗಿರಲಿಲ್ಲ, ಅವರಿಗಿತ್ತು. ಮೇಲೆ ಮಲಗಿ ಕಾಯುವವಳು ನಾನು ಎಂದಾಯಿತು.

ಬೆಳಿಗ್ಗೆ ಭಾವ ಒಂದು ಹಗ್ಗ ತಂದಿದ್ದರು. "ಸೇಫ್ಟಿ," ಎಂದರು. "ಸೊಂಟಕ್ಕೆ ಕಟ್ಕೊ. ನೀನು ಜಗ್ಗಿದ್ರೆ ನಾನು ಎಳಿತೀನಿ."

"ಬೇಡ ಭಾವ, ಕೊಂಬೆ ಮಧ್ಯೆ ಹಗ್ಗ ಸಿಕ್ಕಿಕೊಳ್ತದೆ."

"ನಿಂಗೊತ್ತಾಗಲ್ಲ ಸುಮ್ನಿರು."

"ಕಟ್ಟಿ ಅಣ್ಣಯ್ಯ," ಎಂದರು ನನ್ನ ಗಂಡ. ನಾನು ಹಲ್ಲು ಕಚ್ಚಿದೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನೀರು ಹಸಿರು ಗಾಜಿನ ಹಾಗೆ ತಿಳಿಯಾಗಿತ್ತು. ನನ್ನ ಗಂಡ ಮುಳುಗಿ ಗರಗಸ ಆಡಿಸಿ ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗುತ್ತಿದ್ದರು. ನಾನು ಕವುಚಿ ಮಲಗಿ ನೋಡುತ್ತಿದ್ದೆ. ಅವರ ಬೆನ್ನು, ಮರದ ಪುಡಿ, ಏಳುವ ಗುಳ್ಳೆ ಎಲ್ಲವೂ ಕಾಣುತ್ತಿತ್ತು. ಹೀಗೆ ನೋಡುತ್ತಿರುವಾಗ, ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯನನ್ನು ಇಷ್ಟು ಹೊತ್ತು ಕಣ್ಣು ತೆಗೆಯದೆ ನೋಡಿದ್ದೇ ಇಲ್ಲವಲ್ಲ ಅನ್ನಿಸಿತು. ಕೊಂಬೆ ತುಂಡಾದದ್ದೂ ಕಂಡಿತು. ಅದು ಹೊರಳಿತು, ಹೊರಳುವಾಗ ಹಗ್ಗವನ್ನು ಅಡಿಗೆ ಹಾಕಿಕೊಂಡಿತು.

ಅವರು ಮೇಲೇಳಲು ಹೊರಟರು. ಹಗ್ಗ ಬಿಡಲಿಲ್ಲ. ಬಿಡಿಸಿಕೊಳ್ಳಲು ಜಗ್ಗಿದರು. ಜಗ್ಗಿದ್ದೇ ಸಂಜ್ಞೆಯೆಂದು ಏರಿಯ ಮೇಲೆ ಭಾವ ಎಳೆಯತೊಡಗಿದರು. ಅವರು ಎಳೆದಷ್ಟೂ ಇವರು ಮರಕ್ಕೆ ಒತ್ತಿಕೊಳ್ಳುತ್ತಿದ್ದರು. ನಾನು ತಲೆ ಎತ್ತಿ, ಬಾಯಲ್ಲಿದ್ದದ್ದನ್ನು ಉಗಿದು, "ಬಿಡಿ ಭಾವ! ಹಗ್ಗ ಬಿಡಿ!" ಎಂದು ಕಿರುಚಿದೆ. "ಎಳಿತಾ ಇದೀನಿ!" ಎಂದರು ಭಾವ.

ಉಸಿರು ಕಟ್ಟಿ ಮುಳುಗಿದೆ. ಗಂಡನ ಕೈಯಿಂದ ಗರಗಸ ತೆಗೆದುಕೊಂಡೆ. ಹಗ್ಗ ಬಿಗಿಯಾಗಿದ್ದುದರಿಂದ ಬೇಗ ಕೊಯ್ದುಹೋಯಿತು. ಭಾವನ ಎಳೆತದಿಂದ ಆದ ಉಪಕಾರ ಅದೊಂದೇ. ಅವರ ಕೂದಲು ಹಿಡಿದು ಕಾಲು ಬಡಿದೆ. ಮೇಲೆ ಬಂದಾಗ ಅವರ ತುಟಿ ಕಪ್ಪಾಗಿತ್ತು. ಮಂಜಪ್ಪ ನೀರಿಗೆ ಹಾರಿ ಇಬ್ಬರನ್ನೂ ದಡಕ್ಕೆ ತಂದ. ಬಹಳ ಹೊತ್ತಿನ ಮೇಲೆ ನನ್ನ ಗಂಡ ಕಣ್ಣು ಬಿಟ್ಟು, ಮೊದಲು ಆಡಿದ ಮಾತು, "ಕೊಂಬೆ ಹೋಯ್ತು. ಪಂಪ್ ಹಾಕ್ಬೋದು."

ಭಾವ ತುಂಡಾದ ಹಗ್ಗ ಹಿಡಿದು ಏರಿಯ ಆಚೆ ಕಡೆ ಮಗುಚಿ ಬಿದ್ದಿದ್ದರು. ಎದ್ದು ಬಂದು ತಮ್ಮನ ತಲೆ ಮುಟ್ಟಿ ನೋಡಿದರು. "ಹಗ್ಗ ಇದ್ದಿದ್ಕೆ ಆಯ್ತು ನೋಡು" ಎಂದರು. ಆ ಮಾತಿಗೆ ನನಗೆ ಬಂದ ಸಿಟ್ಟಿಗೆ ಬೇರೆ ದಾರಿ ಸಿಗದೆ ನಾನು ಅಲ್ಲೇ ಕೂತು ಗೊಳೋ ಎಂದು ಅತ್ತೆ. ಗಂಡ ಬದುಕಿದ ಸಂತೋಷಕ್ಕೆ ಅತ್ತೆನೆಂದು ಊರೆಲ್ಲ ತಿಳಿಯಿತು. ಅದೂ ಸುಳ್ಳಲ್ಲ ಬಿಡಿ.

ಪಂಪು ಓಡಿತು. ಉಳಿದ ಅರ್ಧಕ್ಕೂ ನೀರು ಬಿತ್ತು. ಸೆಟ್ಟು ಸರದಿಯ ಪ್ರಕಾರ ಪಕ್ಕದ ತೋಟಕ್ಕೆ ಹೋಯಿತು. ವಾರದೊಳಗೆ ಇಡೀ ತೋಟ ಬಿಳಿಯಾಯಿತು. ಜನ ನಿಂತು ನೋಡಿಕೊಂಡು ಹೋದರು. ಭಾವ ಪೇಟೆಯಲ್ಲಿ ತಮ್ಮ ಸ್ನಾರ್ಕೆಲಿನ ಮಹಿಮೆ ಹೇಳಿಕೊಂಡು ತಿರುಗಿದರು. ನನಗೆ ಮಾತ್ರ ಆ ಹೂವಿನ ಘಮ ಬೇಡವಾಗಿತ್ತು, ಕಿಟಕಿ ಹಾಕಿಕೊಂಡು ಮಲಗುತ್ತಿದ್ದೆ.

ಮೂರು ವಾರ ಹತ್ತಿರವಾಯಿತು. ಆಕಾಶದಲ್ಲಿ ಒಂದು ಮೋಡವಿಲ್ಲ. ಬ್ಯಾಕಿಂಗಿಗೆ ಪೈಪಿನ ಸೆಟ್ಟು ಮತ್ತೆ ನಮ್ಮ ಅಂಗಳಕ್ಕೆ ಬಂತು. ಪಂಪು ಹಾಕಿದರೆ ಅದೇ ಕೆಮ್ಮು. ಕೆರೆ ಇನ್ನಷ್ಟು ಇಳಿದು, ದಪ್ಪ ಬೊಡ್ಡೆಯೇ ಜಾರಿ ಫುಟ್‌ವಾಲ್ವಿನ ಮೇಲೆ ಕೂತಿತ್ತು. ಕೆಸರು ಕದಡಿ ನೀರು ರಾಡಿಯಾಗಿತ್ತು. ಮೇಲಿಂದ ಯಾವ ಸ್ನಾರ್ಕೆಲ್ ಹಾಕಿ ನೋಡಿದರೂ ಒಂದು ಮೊಳದ ಆಚೆ ಏನೂ ಕಾಣುವಂತಿರಲಿಲ್ಲ.

ಭಾವ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ, "ಒಂದ್ಸಲ ಆಗಿದೆಯಲ್ಲ, ಈ ಸಲ ಸಲೀಸು. ಕಾಣದಿದ್ರೆ ತಡಕಿ ಕೊಯ್ದ್ರಾಯ್ತು. ರಮೇಶ, ಇಳಿತಿಯಲ್ಲ?" ಎಂದರು.

ನಾನು ಬಾಗಿಲ ಬಳಿ ನಿಂತಿದ್ದೆ. ಆ ಎರಡು ಶಬ್ದ ಈಗ ಬರುತ್ತದೆಂದು ಕಾಯುತ್ತಿದ್ದೆ. ಈ ಸಲ ನಾನು ಬಾಯಿ ತೆರೆಯಬಾರದು, ನೋಡಿಯೇಬಿಡೋಣ ಎಂದುಕೊಂಡಿದ್ದೆ.

ನನ್ನ ಗಂಡ ಲೋಟ ಕೆಳಗಿಟ್ಟರು. "ಇಲ್ಲ ಅಣ್ಣಯ್ಯ," ಎಂದರು.

"ಎಂತ?"

"ಇಳಿಯಲ್ಲ. ಮಳೆ ಬಂದ್ರೆ ಬರ್ಲಿ, ಇಲ್ದಿದ್ರೆ ಹೋಗ್ಲಿ. ಇವಳು ನನ್ನನ್ನ ಇನ್ನೊಂದ್ಸಲ ಹುಡುಕಿಕೊಂಡು ಆ ನೀರಿಗೆ ಬರೋದು ಬೇಡ."

ಭಾವ ಅರ್ಧ ಕಾಫಿ ಬಿಟ್ಟು ಎದ್ದು ಹೋದರು. ಪೈಪಿನ ಸೆಟ್ಟನ್ನು ಸರದಿ ಮುಗಿಯುವ ಮೊದಲೇ ಪಕ್ಕದ ತೋಟಕ್ಕೆ ಕಳಿಸಿದೆವು. ಮಳೆ ಬರಲಿಲ್ಲ. ಕಚ್ಚಬೇಕಾಗಿದ್ದ ಕಾಯಿ ಉದುರಿಹೋಯಿತು, ಆ ವರ್ಷ ನಮ್ಮ ಕಣದಲ್ಲಿ ಒಣಗಿದ್ದು ಅರ್ಧ ಫಸಲೂ ಅಲ್ಲ. ಎಲ್ಲದಕ್ಕೂ ಗೊಣಗುವವಳೆಂದು ಮನೆಯಲ್ಲಿ ಹೆಸರಾದ ನಾನು, ಆ ಫಸಲಿಗೆ ಒಂದು ದಿನವೂ ಗೊಣಗಲಿಲ್ಲ.